ಶಾಲೆಯ ಅಂಗಳದ ಮಳೆ ಮಕ್ಕಳೇ ಅಳೆಯಲಿ

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ವಿಜಯಪುರ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆಯೂ ಅಷ್ಟಿಲ್ಲ. ಅದೇ ಅವಧಿಯಲ್ಲಿ ಅದೇ ನಗರದ ಕೊಲಾಬಾ ಕೇಂದ್ರದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಎರಡೂ ಕೇಂದ್ರಗಳ ನಡುವೆ ಮೂವತ್ತು ಕಿಲೋಮೀಟರ್ ಅಂತರವೂ ಇಲ್ಲ. ಹೀಗಿರುವಾಗ ನಮ್ಮ ಶಾಲೆಯ ಅಂಗಳದಲ್ಲಿ ನಿನ್ನೆ ಎಷ್ಟು ಮಳೆಯಾಯಿತು ಎಂಬುದಕ್ಕೆ ಟಿವಿಯ ಅಂಕಿ ಉತ್ತರವಾಗುವುದಿಲ್ಲ. ಅಲ್ಲೇ ನಿಂತು ಅಳೆಯಬೇಕು. ಜೂನ್ ಮಧ್ಯದಲ್ಲಿ ಮುಂಬೈಯ ಶಾಲೆಗಳು ಆರಂಭವಾಗುವ ಹೊತ್ತಿಗೆ ಮಳೆಯೂ ಬಂದಿರುತ್ತದೆ. ಪಾಲಿಕೆಯ ಕನ್ನಡ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಪ್ರಯೋಗಾಲಯವೆಂದರೆ ಒಂದು ಮೇಜು, ಒಂದು ಬೀರು ಮಾತ್ರ ಇದ್ದರೂ ಈ ಕೆಲಸಕ್ಕೆ ಸಾಕು.

ಸಾಧನ ಮಾಡುವ ಮೊದಲು ಒಂದು ಪಾಠವನ್ನು ಮಳೆಯಲ್ಲೇ ಮಾಡಿಬಿಡಿ. ನೇರ ಗೋಡೆಯ ಅಗಲವಾದ ಬಿಸ್ಕತ್ತಿನ ಡಬ್ಬ, ನೇರ ಗೋಡೆಯದೇ ಆದ ಸಣ್ಣ ಡಬ್ಬಿ, ಹಾಗೂ ಒಂದು ಚೊಂಬು, ಈ ಮೂರನ್ನೂ ಬಯಲಿನಲ್ಲಿ ಅಕ್ಕಪಕ್ಕ ಇಡಿಸಿ. ಯಾವುದರಲ್ಲಿ ನೀರಿನ ಆಳ ಹೆಚ್ಚಿರುತ್ತದೆ ಎಂದು ಮಕ್ಕಳನ್ನು ಮೊದಲೇ ಕೇಳಿ, ಉತ್ತರಗಳನ್ನು ಹಲಗೆಯ ಮೇಲೆ ಬರೆಯಿರಿ. ಅಗಲ ಡಬ್ಬಕ್ಕೆ ಹೆಚ್ಚು ಹನಿ ಬೀಳುತ್ತವೆ, ಆದ್ದರಿಂದ ಅದರಲ್ಲೇ ಆಳ ಹೆಚ್ಚು ಎಂದು ಹೇಳುವವರು ಇರುತ್ತಾರೆ. ಒಂದು ಪೀರಿಯಡ್ ಕಳೆದ ಮೇಲೆ ಸ್ಕೇಲ್ ಇಳಿಸಿ ನೋಡಿದರೆ ಎರಡು ಡಬ್ಬಗಳಲ್ಲೂ ಆಳ ಹೆಚ್ಚುಕಡಿಮೆ ಒಂದೇ. ಅಗಲ ಡಬ್ಬಕ್ಕೆ ಹೆಚ್ಚು ನೀರು ಬಿದ್ದಿದೆ ನಿಜ, ಆದರೆ ಆ ನೀರು ಹರಡಿಕೊಳ್ಳುವ ತಳವೂ ಅಷ್ಟೇ ದೊಡ್ಡದು. ಚೊಂಬಿನ ಲೆಕ್ಕ ಮಾತ್ರ ತಪ್ಪುತ್ತದೆ. ಅದರ ಬಾಯಿ ಕಿರಿದು, ಹೊಟ್ಟೆ ಅಗಲ. ಕಿರಿದಾದ ಬಾಯಿಂದ ಬಂದ ನೀರು ಅಗಲದಲ್ಲಿ ಹರಡಿ ಆಳ ಕಡಿಮೆಯಾಗುತ್ತದೆ. ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಏಕೆ ಹೇಳುತ್ತಾರೆ ಎಂಬುದು ಮಕ್ಕಳಿಗೆ ಅಲ್ಲೇ ಹೊಳೆಯುತ್ತದೆ. ಈ ಪಾಠಕ್ಕೆ ಒಂದಿಡೀ ದಿನ ಹೋದರೂ ನಷ್ಟವಿಲ್ಲ. ಇದನ್ನು ಬಿಟ್ಟು ನೇರವಾಗಿ ಬಾಟಲಿ ಕತ್ತರಿಸಲು ಕುಳಿತರೆ ಅದು ಬರೀ ಕರಕುಶಲ ತರಗತಿಯಾಗುತ್ತದೆ.

ಈಗ ಮಳೆಮಾಪಕ. ತಂಪು ಪಾನೀಯದ ಎರಡು ಲೀಟರಿನ ಪಾರದರ್ಶಕ ಬಾಟಲಿ, ಬೆಣಚುಕಲ್ಲು, ಒಂದಿಷ್ಟು ಸಿಮೆಂಟ್, ಇನ್ಸುಲೇಶನ್ ಟೇಪ್, ಪಾರದರ್ಶಕ ಅಂಟುಪಟ್ಟಿ ಮತ್ತು ಸ್ಕೇಲ್ ಬೇಕು. ನಡು ಸಣ್ಣಗಾದ ಬಾಟಲಿ ಬೇಡ. ಮೇಲಿಂದ ಕೆಳಗೆ ನೇರವಾಗಿರುವುದನ್ನೇ ಆರಿಸಿ.

ಬಾಟಲಿಯ ಹೆಗಲು ಮುಗಿದು ನೇರ ಗೋಡೆ ಶುರುವಾಗುವಲ್ಲಿ ಸುತ್ತಲೂ ಗೆರೆ ಎಳೆಯಿರಿ. ಮೊದಲ ಸೀಳನ್ನು ಶಿಕ್ಷಕರು ಕಟರಿನಿಂದ ಹಾಕಲಿ, ಮುಂದಿನದನ್ನು ಮಕ್ಕಳು ಕತ್ತರಿಯಿಂದ ಮುಗಿಸಲಿ. ಕತ್ತರಿಸಿದ ಅಂಚು ಕೈ ಕೊಯ್ಯುತ್ತದೆ, ಎರಡೂ ಭಾಗಗಳಿಗೆ ಟೇಪ್ ಸುತ್ತಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿ ಆಳ ಅಳೆಯಲಾಗದು. ಕಲ್ಲು ತುಂಬಿ, ತೆಳುವಾಗಿ ಕಲಸಿದ ಸಿಮೆಂಟ್ ಸುರಿದು, ನೇರ ಗೋಡೆ ಆರಂಭವಾಗುವ ಮಟ್ಟಕ್ಕೆ ಸಮತಟ್ಟು ಮಾಡಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಕಲಸುವ ಕೆಲಸ ಕೈಗವಸು ಹಾಕಿದ ದೊಡ್ಡವರದು. ಎರಡು ದಿನ ಒಣಗಲು ಬಿಡಿ. ಈ ಭಾರದಿಂದ ಜುಲೈ ಗಾಳಿಗೂ ಬಾಟಲಿ ಸುಲಭಕ್ಕೆ ಉರುಳದು.

ಸಿಮೆಂಟಿನ ಮೇಲ್ಮೈಯೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಗುರುತು ಹಾಕಿದ ಕಾಗದದ ಪಟ್ಟಿಯನ್ನು ಹೊರಗಿನಿಂದ ಅಂಟಿಸಿ, ಮೇಲೆ ಪಾರದರ್ಶಕ ಪಟ್ಟಿ ಹಚ್ಚಿ. ಕತ್ತರಿಸಿದ ಮೇಲ್ಭಾಗದ ಮುಚ್ಚಳ ತೆಗೆದು, ಅದನ್ನು ತಲೆಕೆಳಗಾಗಿ ಬಾಯಿಗೆ ಕೂರಿಸಿ ಟೇಪಿನಿಂದ ಹಿಡಿಸಿ. ಅದು ಆಲಿಕೆಯಂತೆ ನೀರು ಇಳಿಸುತ್ತದೆ, ಒಳಗಿನ ನೀರು ಆವಿಯಾಗುವುದನ್ನೂ ತಡೆಯುತ್ತದೆ.

ಏಳನೆಯ ತರಗತಿಯವರಿಗೆ ಒಂದು ಪರೀಕ್ಷೆ ಕೊಡಿ. ಬಾಟಲಿಯ ಒಳವ್ಯಾಸ 10 ಸೆಂ.ಮೀ. ಇದ್ದರೆ ತಳದ ವಿಸ್ತೀರ್ಣ 78.5 ಚದರ ಸೆಂ.ಮೀ. ಹಾಗಾದರೆ 78.5 ಮಿಲಿಲೀಟರ್ ನೀರು ಸುರಿದಾಗ ಮಟ್ಟ 10 ಮಿ.ಮೀ.ಗೆ ಬರಬೇಕು. ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು ಸುರಿದು ನೋಡಲಿ. ಬಾರದಿದ್ದರೆ ಪಟ್ಟಿಯನ್ನು ಸರಿಪಡಿಸಲಿ.

ಎಲ್ಲಿಡುವುದು ಎಂಬುದೇ ಮುಂಬೈಯಲ್ಲಿ ಕಷ್ಟದ ಪ್ರಶ್ನೆ. ಗೋಡೆ, ಮರಗಳ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿಡಬೇಕು ಎಂಬುದು ನಿಯಮ. ಸುತ್ತಲೂ ಕಟ್ಟಡಗಳಿರುವ ಶಾಲೆಯಲ್ಲಿ ಅಂಥ ಜಾಗ ಸಿಗದಿದ್ದರೆ ತಾರಸಿಯ ನಡುಭಾಗ ಆಗಬಹುದು, ಆದರೆ ಅಲ್ಲಿ ಗಾಳಿ ಹೆಚ್ಚಿರುವುದರಿಂದ ಅಳತೆ ಸ್ವಲ್ಪ ಕಡಿಮೆ ಬರುತ್ತದೆ. ಜೊತೆಗೆ ದೊಡ್ಡವರಿಲ್ಲದೆ ಮಕ್ಕಳು ತಾರಸಿ ಹತ್ತಬಾರದು. ಸೂರಿನ ನೀರು ಸಿಡಿಯುವಲ್ಲಂತೂ ಇಡಲೇಬೇಡಿ.

ಹವಾಮಾನ ಇಲಾಖೆ ಬೆಳಗಿನ 8.30ರಿಂದ ಮರುದಿನದ 8.30ರವರೆಗಿನ ಮಳೆಯನ್ನು ಒಂದು ದಿನದ ಲೆಕ್ಕಕ್ಕೆ ಸೇರಿಸುತ್ತದೆ. ನೀವೂ ಅದೇ ಹೊತ್ತಿಗೆ ಓದಿದರೆ ಸಾಂತಾಕ್ರೂಜ್, ಕೊಲಾಬಾಗಳ ಅಂಕಿಗಳೊಂದಿಗೆ ಹೋಲಿಸಬಹುದು. ಆಲಿಕೆ ತೆಗೆದು, ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಅಂಚಿನಲ್ಲಿ ನೀರು ಸ್ವಲ್ಪ ಮೇಲೇರಿರುತ್ತದೆ, ನಡುವಿನ ಮಟ್ಟವೇ ಸರಿ. ಇಬ್ಬರು ಬೇರೆಬೇರೆಯಾಗಿ ಓದಿ, ಆಮೇಲೆ ಹೇಳಲಿ. ಬರೆದ ಕೂಡಲೇ ನೀರು ಚೆಲ್ಲಿ. ನಿಂತ ಶುದ್ಧ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. 64.5 ಮಿ.ಮೀ. ಮುಟ್ಟಿದರೆ ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ, 115.6ರಿಂದ ಅತಿ ಭಾರಿ. ಕಿತ್ತಳೆ ಎಚ್ಚರಿಕೆ ಬಂದ ದಿನ ಬಾಟಲಿ ತುಂಬಿ ಹರಿಯಬಹುದು, ಮಳೆ ನಿಂತ ಬಿಡುವಿನಲ್ಲೂ ಒಮ್ಮೆ ಓದಿ ಕೂಡಿಸಿಕೊಳ್ಳಿ.

ತಂತ್ರಜ್ಞಾನದ ಪಾಠಕ್ಕೆ ಇನ್ನೊಂದು ಬಾಟಲಿಯಲ್ಲಿ ನೀರೇರಿದರೆ ಕೂಗುವ ಬಜರ್ ಮಾಡಬಹುದು. ಥರ್ಮಾಕೋಲ್ ತುಂಡಿಗೆ ಕಡ್ಡಿ ಚುಚ್ಚಿ, ಕಡ್ಡಿಯ ತುದಿಯಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತಿದ ರಟ್ಟನ್ನು ಅಡ್ಡಲಾಗಿ ಅಂಟಿಸಿ. ಕಡ್ಡಿ ನೆಟ್ಟಗೆ ಏರಲು ಅಗಲವಾದ ಸ್ಟ್ರಾವೊಂದನ್ನು ಬಾಯಿಯ ನಡುವೆ ಕಟ್ಟಿ, ಅದರೊಳಗಿಂದ ತೂರಿಸಿ. ರಟ್ಟಿನ ಮೇಲ್ಗಡೆ ಎರಡು ತಂತಿಗಳ ಬರಿಯ ತುದಿಗಳನ್ನು ಒಂದಕ್ಕೊಂದು ತಾಗದಂತೆ ಹಿಡಿಸಿ. ಒಂದು ತಂತಿ 9 ವೋಲ್ಟ್ ಬ್ಯಾಟರಿಗೆ, ಇನ್ನೊಂದು ಬಜರ್ ಮೂಲಕ ಅದೇ ಬ್ಯಾಟರಿಯ ಮತ್ತೊಂದು ತುದಿಗೆ. ಬಜರಿನ ಕೆಂಪು ತಂತಿ ಧನ ತುದಿಯ ಕಡೆಗಿರಬೇಕು. ನೀರೇರಿ ಹಾಳೆ ಎರಡೂ ತುದಿಗಳಿಗೆ ತಾಗಿದಾಗ ಸರ್ಕಿಟ್ ಪೂರ್ಣವಾಗಿ ಬಜರ್ ಕೂಗುತ್ತದೆ. ಗೋಡೆಯ ಪ್ಲಗ್ಗಿನ ವಿದ್ಯುತ್ ಈ ಕೆಲಸಕ್ಕೆ ಎಂದಿಗೂ ಬೇಡ.

ಇನ್ನು ದಾಖಲೆ ಪುಸ್ತಕ. ನನ್ನ ದೃಷ್ಟಿಯಲ್ಲಿ ಇಡೀ ಚಟುವಟಿಕೆಯ ಜೀವ ಅಲ್ಲಿದೆ. ಮಳೆ ಬಾರದ ದಿನ 0 ಎಂದು ಬರೆಯಬೇಕು. ಅಳೆಯದ ದಿನ, ಅಥವಾ ಬಾಟಲಿ ಉರುಳಿದ ದಿನ, ಅಡ್ಡಗೆರೆ ಎಳೆದು ಕಾರಣ ಬರೆಯಬೇಕು. ಎರಡೂ ಒಂದೇ ಅಲ್ಲ: ಸೊನ್ನೆ ಎಂಬುದು ಅಳತೆ, ಅಡ್ಡಗೆರೆ ಎಂದರೆ ಅಳತೆಯೇ ಇಲ್ಲ. ಪತ್ರಿಕೆಯ ಅಂಕಿಗೆ ಹೊಂದಲಿಲ್ಲವೆಂದು ಮಗು ಬರೆದ ಅಂಕಿಯನ್ನು ಯಾರೂ ತಿದ್ದಬಾರದು. ಸೋಮವಾರ ಬೆಳಿಗ್ಗೆ ಬಾಟಲಿಯಲ್ಲಿ ಶನಿವಾರದಿಂದ ಕೂಡಿದ ನೀರಿರುತ್ತದೆ. ಅದನ್ನು ಎರಡು ದಿನಕ್ಕೆ ಸಮನಾಗಿ ಹಂಚದೆ, ‘ಎರಡು ದಿನಗಳ ಒಟ್ಟು ಮಳೆ’ ಎಂದೇ ಸೋಮವಾರದ ಸಾಲಿನಲ್ಲಿ ಬರೆಯಲಿ, ಭಾನುವಾರದ ಸಾಲಿನಲ್ಲಿ ಅಡ್ಡಗೆರೆ ಇರಲಿ.