ಜರ್ಮನ್ ಬಾರದವರು ಜರ್ಮನ್ ಜಾಲತಾಣದಲ್ಲಿ ಕೆಲಸ ಹುಡುಕುವುದು ಹೇಗೆ?

ಜರ್ಮನಿಯಲ್ಲಿ ಕೆಲಸ ಬೇಕು ಎನ್ನುವ ಹೊರದೇಶದವರು ಸಾಮಾನ್ಯವಾಗಿ ಇಂಗ್ಲಿಷ್ ಜಾಹೀರಾತುಗಳನ್ನೇ ನೋಡುತ್ತಾರೆ. ಅಲ್ಲಿ ನೂಕುನುಗ್ಗಲು ಜಾಸ್ತಿ. ಆದರೆ ಆಸ್ಪತ್ರೆಗಳು, ಸಣ್ಣ ಊರಿನ ಕಂಪನಿಗಳು ಹೆಚ್ಚಾಗಿ ಜರ್ಮನ್‌ನಲ್ಲೇ ಕರೆಯುತ್ತವೆ. ಅವನ್ನು ಜಾಲಾಡಲು ಇಡೀ ಭಾಷೆ ಕಲಿತು ಮುಗಿಸಬೇಕಿಲ್ಲ. ಒಂದಿಪ್ಪತ್ತು ಪದ ಗೊತ್ತಿದ್ದರೆ ಯಾವುದನ್ನು ಬಿಡಬೇಕು ಎಂಬುದಾದರೂ ತಿಳಿಯುತ್ತದೆ.

ಶುರು ಮಾಡುವುದು ಸರ್ಕಾರಿ ತಾಣದಿಂದ. ಬುಂಡೆಸ್‌ಅಗೆಂಟೂರ್ ಫ್ಯೂರ್ ಆರ್ಬೈಟ್ ಅಲ್ಲಿನ ಕೇಂದ್ರ ಉದ್ಯೋಗ ಸಂಸ್ಥೆ. ಅದರ 'ಜಾಬ್‌ಸೂಖೆ' ಪುಟ ಪೂರ್ತಿ ಉಚಿತ. ಆಮೇಲೆ ಸ್ಟೆಪ್‌ಸ್ಟೋನ್, ಇಂಡೀಡ್ ಎಂಬ ಖಾಸಗಿ ಉದ್ಯೋಗ ತಾಣಗಳನ್ನು ನೋಡಿ.

ಹುಡುಕುವಾಗ ಹುದ್ದೆಯ ಹೆಸರನ್ನು ಜರ್ಮನ್‌ನಲ್ಲೇ ಹಾಕಿ. ಒಂದೇ ಹೆಸರು ಸಾಲದು. ನರ್ಸ್ ಕೆಲಸವನ್ನೇ ನೋಡಿ: 2020ರಿಂದ ಅದರ ಅಧಿಕೃತ ಹೆಸರು 'ಫ್ಲೇಗೆಫಾಖ್‌ಫ್ರಾವ್' ಅಥವಾ 'ಫ್ಲೇಗೆಫಾಖ್‌ಮಾನ್'. ಹಳೆಯ 'ಕ್ರಾಂಕೆನ್‌ಫ್ಲೇಗರ್' ಇನ್ನೂ ಬಳಕೆಯಲ್ಲಿದೆ. ಎರಡನ್ನೂ ಹಾಕಿ ನೋಡಬೇಕು. ಹೆಸರಿನ ಪಕ್ಕ ಎಂ, ಡಬ್ಲ್ಯೂ, ಡಿ ಎಂಬ ಮೂರು ಅಕ್ಷರ ಕಂಡರೆ ಅದೇನೋ ಷರತ್ತು ಎಂದುಕೊಳ್ಳಬೇಡಿ. ಗಂಡು, ಹೆಣ್ಣು, ಇತರೆ, ಯಾರಾದರೂ ಅರ್ಜಿ ಹಾಕಬಹುದು ಎಂದಷ್ಟೇ ಅರ್ಥ.

ಜನ ಎಡವುವುದು ಜಾಹೀರಾತು ಓದುವಾಗ. ಅನುವಾದದ ಬಟನ್ ಒತ್ತಿದರೆ 'ಆಉಸ್‌ಬಿಲ್ಡುಂಗ್' ಎಂಬುದು ಸುಮ್ನೆ 'ತರಬೇತಿ' ಆಗಿಬಿಡುತ್ತದೆ. ನಿಜಕ್ಕೂ ಅದು ಸಾಮಾನ್ಯವಾಗಿ ಎರಡರಿಂದ ಮೂರೂವರೆ ವರ್ಷದ ವೃತ್ತಿ ಶಿಕ್ಷಣ. ಅನುಭವ ಇರುವವರು ಹುಡುಕುತ್ತಿರುವುದು ಅದನ್ನಲ್ಲ, ಅಲ್ವಾ? 'ತ್ಸೈಟ್‌ಆರ್ಬೈಟ್' ಎಂದಿದ್ದರೆ ನಿಮ್ಮನ್ನು ನೇಮಿಸಿಕೊಳ್ಳುವುದು ಏಜೆನ್ಸಿ, ದುಡಿಸಿಕೊಳ್ಳುವುದು ಬೇರೆ ಕಂಪನಿ. 'ಬೆಫ್ರಿಸ್ಟೆಟ್' ಎಂದರೆ ಇಂತಿಷ್ಟೇ ಅವಧಿಗೆ. ಆ ಪದದ ಆರಂಭದಲ್ಲಿ 'ಉನ್' ಸೇರಿದರೆ ಕಾಯಂ. ಎರಡೇ ಅಕ್ಷರದ ಆಟ! 'ಫೆರ್‌ಹಾಂಡ್ಲುಂಗ್ಸ್‌ಜಿಖರ್' ಎಂಬ ಉದ್ದನೆಯ ಪದ ಜರ್ಮನ್ ಭಾಷೆಯ ಬಗ್ಗೆ ಬಂದಿದ್ದರೆ, ವ್ಯವಹಾರದ ಮಾತುಕತೆಯನ್ನೇ ನಿಭಾಯಿಸುವಷ್ಟು ಜರ್ಮನ್ ಬೇಕು ಎಂದು. ಈಗಷ್ಟೇ ಕಲಿಯುತ್ತಿರುವವರು ಅಂಥದ್ದನ್ನು ದಾಟಿ ಮುಂದೆ ಹೋಗುವುದೇ ವಾಸಿ.

ಸಂಬಳದಲ್ಲೂ ಒಂದು ಕಿತಾಪತಿ ಇದೆ. 52.000 ಯೂರೊ ಎಂದರೆ ಐವತ್ತೆರಡು ಸಾವಿರ. ಅಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ಪಕ್ಕದಲ್ಲಿ 'ಬ್ರುಟ್ಟೊ' ಎಂದಿದ್ದರೆ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ವಂತಿಗೆ ಕಡಿತಕ್ಕೆ ಮುಂಚಿನ ಮೊತ್ತ. ಕೈಗೆ ಬರುವುದು 'ನೆಟ್ಟೊ'.

ಅರ್ಜಿಗೆ ಮುಂಚೆ ನಿಮ್ಮ ಪದವಿಗೆ ಅಲ್ಲಿ ಬೆಲೆ ಇದೆಯೇ ಎಂದು 'ಅನಾಬಿನ್' ಎಂಬ ಸರ್ಕಾರಿ ದತ್ತಾಂಶ ತಾಣದಲ್ಲಿ ನೋಡಿ. ವಿಶ್ವವಿದ್ಯಾಲಯದ ಹೆಸರಿನ ಮುಂದೆ 'ಎಚ್ ಪ್ಲಸ್' ಇದ್ದರೆ ಅದಕ್ಕೆ ಮಾನ್ಯತೆ ಇದೆ ಎಂದು. ಪದವಿಯನ್ನು ಬೇರೆಯಾಗಿ ಹುಡುಕಬೇಕು. ವೈದ್ಯರು, ನರ್ಸ್‌ಗಳಿಗೆ ಇಷ್ಟು ಸಾಲದು, ವೃತ್ತಿಯ ಮಾನ್ಯತೆಯನ್ನೂ ಪಡೆಯಬೇಕು.

ಅರ್ಜಿ ಎಂದರೆ ಮೂರು ಭಾಗ: 'ಆನ್‌ಶ್ರೈಬೆನ್' ಅಂದರೆ ಪತ್ರ, 'ಲೇಬೆನ್ಸ್‌ಲೌಫ್' ಅಂದರೆ ಬಯೋಡೇಟಾ, ಜೊತೆಗೆ ಪ್ರಮಾಣಪತ್ರಗಳು. ಫೋಟೊ ಕಡ್ಡಾಯವಲ್ಲ. ಜಾಹೀರಾತಿನ ಕೊನೆಯಲ್ಲಿ ಸಂಪರ್ಕಿಸಬೇಕಾದವರ ಹೆಸರಿದ್ದರೆ ಪತ್ರವನ್ನು ಅವರ ಹೆಸರಿಗೇ ಬರೆಯಿರಿ. ಪತ್ರವನ್ನು ಯಂತ್ರದಿಂದ ಅನುವಾದಿಸಿ ಹಾಗೇ ಕಳಿಸಬೇಡಿ, ಜರ್ಮನ್ ಬಲ್ಲವರೊಬ್ಬರಿಗೆ ತೋರಿಸಿ, ನಿಮ್ಮ ಮಟ್ಟಕ್ಕೆ ಹೊಂದುವಂತೆ ತಿದ್ದಿಸಿಕೊಳ್ಳಿ. ಇಲ್ಲವಾದರೆ ಸಂದರ್ಶನಕ್ಕೆ ಕರೆದಾಗ ಪತ್ರದಲ್ಲಿರುವ ಜರ್ಮನ್ ನಿಮ್ಮ ಬಾಯಲ್ಲಿ ಬರುವುದಿಲ್ಲ!