24 ಗಂಟೆಯಲ್ಲಿ ಉತ್ತರ ಕೊಡಿ ಅಂತ ಕಂಪನಿ ಮೇಲ್ ಬಂದರೆ

ಓಪನ್ ಸೋರ್ಸ್ ಪ್ರಾಜೆಕ್ಟ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ ಸಾಫ್ಟ್‌ವೇರ್) ನೋಡಿಕೊಳ್ಳುತ್ತಿರುವವರಿಗೆ ಒಂದು ಮಾತು. ದೊಡ್ಡ ಕಂಪನಿಯಿಂದ ಸೆಕ್ಯುರಿಟಿ ಪ್ರಶ್ನೆಗಳ ಉದ್ದ ಪಟ್ಟಿ ಬಂದರೆ ಗಾಬರಿಯಾಗಬೇಡಿ. ಅದು ಸಾಮಾನ್ಯವಾಗಿ ಹಲವರಿಗೆ ಒಟ್ಟಿಗೇ ಕಳಿಸಿದ ಮೇಲ್ ಇರುತ್ತದೆ, ಅಷ್ಟೇ.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ (Log4j) ಎಂಬ, ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲೈಬ್ರರಿಯಲ್ಲಿ ದೊಡ್ಡ ಸೆಕ್ಯುರಿಟಿ ದೋಷ ಬಯಲಾಯಿತಲ್ಲ? ಮರುತಿಂಗಳು, ಇಂಟರ್ನೆಟ್‌ನಲ್ಲಿ ಡೇಟಾ ಕಳಿಸಲು-ತರಿಸಲು ಬಳಸುವ ಕರ್ಲ್ (curl) ಸಾಫ್ಟ್‌ವೇರ್ ನೋಡಿಕೊಳ್ಳುವ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೂ ಲಾಗ್‌ಫೋರ್‌ಜೆ ಬಗ್ಗೆ ಕೇಳುವ ಇಂಥ ಮೇಲ್ ಒಂದು ದೊಡ್ಡ ಕಂಪನಿಯಿಂದ ಬಂತು. 24 ಗಂಟೆ ಗಡುವು ಬೇರೆ. ಲಾಗ್‌ಫೋರ್‌ಜೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯದ್ದು, ಕರ್ಲ್ ಸಿ ಭಾಷೆಯದ್ದು. ಎತ್ತಣಿಂದೆತ್ತ ಸಂಬಂಧ! ಸಪೋರ್ಟ್ ಒಪ್ಪಂದ ಮಾಡಿಕೊಳ್ಳಿ, ಆಮೇಲೆ ಖುಷಿಯಿಂದ ಉತ್ತರಿಸುತ್ತೇನೆ ಎಂದು ಅವರು ಬರೆದರು. ತಿರುಗಿ ಬಂದ ಮೇಲ್‌ನಲ್ಲಿ ಅವರ ಹೆಸರನ್ನೇ ಡೇವಿಡ್ ಅಂತ ಹಾಕಿದ್ದರು.

ನೀವೂ ನಾಲ್ಕು ಸಾಲಿನ ಉತ್ತರ ಒಂದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಲೈಸೆನ್ಸ್ (ಕೋಡ್ ಬಳಕೆಯ ಷರತ್ತು) ಎಂಐಟಿ ಎಂಬುದಾಗಿದ್ದರೆ ಯಾವ ವಾರಂಟಿಯೂ ಇಲ್ಲ ಎಂಬ ಸಾಲು ಅದರಲ್ಲೇ ಇದೆ, ಅದನ್ನೇ ತೋರಿಸಿ. ಹಣ ಕೊಟ್ಟರೆ ಏನು ಮಾಡಿಕೊಡುತ್ತೀರಿ ಅಂತಲೂ ಹೇಳಿ, ಸಂಕೋಚ ಬೇಡ. ಅವರ ಸಪ್ಲೈಯರ್ ಫಾರ್ಮ್‌ಗೆ ಮಾತ್ರ ಸುಮ್ನೆ ಸಹಿ ಹಾಕಬೇಡಿ. ನೀವು ಅವರ ಸಪ್ಲೈಯರ್ ಅಲ್ಲ, ಅಲ್ವಾ?

ನಿಜವಾದ ದೋಷದ ವರದಿ ಬಂದರೆ ಅದು ಬೇರೆ ಕಥೆ. ಅದನ್ನು ತಕ್ಷಣ ನೋಡಿ.