ಪ್ಲಾಬ್ 2: ಎಂಟು ನಿಮಿಷದಲ್ಲಿ ರೋಗಿಯ ಮಾತು ಕೇಳುವುದು ಹೇಗೆ?

ಬ್ರಿಟನ್ನಿನಲ್ಲಿ ಡಾಕ್ಟರ್ ಆಗಲು ಹೊರಟ ನಮ್ಮ ಹುಡುಗ ಹುಡುಗಿಯರಲ್ಲಿ ಹಲವರು, ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಅಲ್ಲಿ ಇಡುವ ಪ್ಲಾಬ್ ಪರೀಕ್ಷೆಯ ಮೊದಲ ಭಾಗವನ್ನು ಸಲೀಸಾಗಿ ದಾಟುತ್ತಾರೆ. ಅದು 180 ಪ್ರಶ್ನೆಗಳ ಪೇಪರ್. ಕೂತು ಓದಿದರೆ ಆಯಿತು. ಎಡವುವುದು ಎರಡನೇ ಭಾಗದಲ್ಲಿ. ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಅಭ್ಯಾಸಕ್ಕೆಂದು ನಾನು ಇಂಥ ಕಿರಿಯರ ಮುಂದೆ ರೋಗಿಯ ಪಾತ್ರದಲ್ಲಿ ಕೂರುತ್ತೇನೆ. ದಾವಣಗೆರೆಯವರಿರಲಿ, ಹುಬ್ಬಳ್ಳಿಯವರಿರಲಿ, ತಪ್ಪು ಒಂದೇ. ಓದು ಸಾಲದು ಅಂತಲ್ಲ. ಎದುರಿಗೆ ಕೂತವರು ಹೇಳಿದ್ದು ಕಿವಿಗೆ ಬೀಳುವುದಿಲ್ಲ.

ಪರೀಕ್ಷೆ ನಡೆಯುವುದು ಮ್ಯಾಂಚೆಸ್ಟರ್‌ನಲ್ಲಿ. 16 ಸ್ಟೇಷನ್‌ಗಳು (ಒಂದೊಂದೂ ಒಂದೊಂದು ಸನ್ನಿವೇಶದ ಕೋಣೆ), ಒಂದೊಂದಕ್ಕೆ 8 ನಿಮಿಷ. ಒಳಗೆ ಹೋಗುವ ಮುಂಚೆ ಹೊರಗಿನ ಹಾಳೆ ಓದಲು ಒಂದೂವರೆ ನಿಮಿಷ. ಹೆಚ್ಚಿನ ಕೋಣೆಗಳಲ್ಲಿ ರೋಗಿಯ ಪಾತ್ರ ಮಾಡುವ ನಟರಿರುತ್ತಾರೆ, ಪಕ್ಕದಲ್ಲಿ ಪರೀಕ್ಷಕರು. ಒಂದೊಂದು ಸ್ಟೇಷನ್ನಿನ ಅಂಕ ಮೂರು ಭಾಗದಲ್ಲಿ ಬರುತ್ತದೆ: ಮಾಹಿತಿ ತೆಗೆದು ಪರೀಕ್ಷೆ ಮಾಡಿದ್ದಕ್ಕೆ 4, ಚಿಕಿತ್ಸೆಯ ದಾರಿ ಹೇಳಿದ್ದಕ್ಕೆ 4, ರೋಗಿಯ ಜೊತೆ ನಡೆದುಕೊಂಡ ರೀತಿಗೆ 4. ಮಾತುಕತೆಗೇ ಮೂರನೇ ಒಂದು ಪಾಲು!

ಹೆಜ್ಜೆ 1: ದಿನಾಂಕ. ಮೊದಲ ಭಾಗ ಪಾಸಾದ ಎರಡು ವರ್ಷದೊಳಗೆ ಎರಡನೆಯದನ್ನೂ ಪಾಸಾಗಬೇಕು. ಸ್ಲಾಟ್ ಬುಕ್ ಮಾಡಿ, ವೀಸಾಕ್ಕೆ ಹಾಕಿ.

ಹೆಜ್ಜೆ 2: ಜೊತೆಗಾರರು. ಒಬ್ಬರೇ ಕೂತು ಓದಿದರೆ ಈ ಪರೀಕ್ಷೆಗೆ ತಯಾರಿ ಆಗುವುದಿಲ್ಲ. ಇಬ್ಬರು ಬೇಕು, ಮೂವರಾದರೆ ಇನ್ನೂ ಒಳ್ಳೆಯದು. ಒಬ್ಬರು ರೋಗಿ, ಒಬ್ಬರು ಡಾಕ್ಟರ್, ಒಬ್ಬರು ಗಡಿಯಾರ ಹಿಡಿದು ನೋಡುವವರು. ನಿಮ್ಮದೇ ಕಾಲೇಜಿನ ಗೆಳೆಯರಷ್ಟೇ ಇದ್ದರೆ ಬೇಡ. ಅವರಿಗೆ ನಿಮ್ಮ ಅರ್ಧ ಮಾತೂ ಅರ್ಥವಾಗುತ್ತದೆ. ನಟರಿಗೆ ಆಗುವುದಿಲ್ಲ. ಫೋನಿನ ಗುಂಪುಗಳಲ್ಲಿ ದುಡ್ಡಿಗೆ ಮಾರುವ ‘ಸ್ಟೇಷನ್ ನೋಟ್ಸ್’ ಅಂತೂ ಕೊಳ್ಳಲೇಬೇಡಿ. ಪ್ರತಿ ಕಾಯಿಲೆಗೂ ಬಾಯಿಪಾಠದ ಸಾಲು ಬರೆದಿರುತ್ತಾರೆ. ಆ ಸಾಲುಗಳೇ ನಿಮ್ಮ ಕಿವಿ ಮುಚ್ಚಿಸುವುದು.

ಹೆಜ್ಜೆ 3: ಬಾಗಿಲ ಹೊರಗಿನ ಒಂದೂವರೆ ನಿಮಿಷ. ಹಾಳೆಯಲ್ಲಿ ಮೂರು ಸಂಗತಿ ಹುಡುಕಿ. ನಾನು ಎಲ್ಲಿದ್ದೇನೆ, ಕ್ಲಿನಿಕ್ಕೋ ಎಮರ್ಜೆನ್ಸಿಯೋ? ರೋಗಿ ಯಾರು? ನನ್ನಿಂದ ಏನು ಮಾಡು ಅಂದಿದ್ದಾರೆ? ಕೊನೆಯದನ್ನು ಎರಡು ಸಲ ಓದಿ. ಮಗುವಿನ ತಾಯಿಯ ಜೊತೆ ಮಾತಾಡಿ ಅಂತ ಬರೆದಿದ್ದರೆ ಒಳಗೆ ಮಗು ಇರುವುದಿಲ್ಲ.

ಹೆಜ್ಜೆ 4: ಕೇಳಿಸಿಕೊಳ್ಳುವುದು. ಹೋದ ತಿಂಗಳು ನಾನು 52 ವರ್ಷದ ಬಸ್ ಡ್ರೈವರ್ ಆಗಿದ್ದೆ. ಎದೆನೋವು. ಎದುರಿಗಿದ್ದ ಹುಡುಗಿ ತುಂಬಾ ಜಾಣೆ. ಎಲ್ಲಿ ನೋವು, ಯಾವಾಗಿಂದ, ತೋಳಿಗೆ ಹರಡುತ್ತಾ, ಬೆವರುತ್ತಾ, ಎಲ್ಲವನ್ನೂ ಚಕಚಕನೆ ಕೇಳಿದಳು. ನಡುವೆ ನಾನು, ‘ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು’ ಅಂದೆ. ಅವಳು, ‘ಓಕೆ. ಯಾವುದಾದರೂ ಅಲರ್ಜಿ ಇದೆಯಾ?’ ಅಂದಳು.

ಅವಳದು ಕಲ್ಲು ಮನಸ್ಸೇನಲ್ಲ. ದಿನಕ್ಕೆ ನೂರು ಜನರನ್ನು ನೋಡುವ ಓಪಿಡಿಯಲ್ಲಿ ಕಲಿತವಳು. ಅಲ್ಲಿ ಪ್ರಶ್ನೆ ಬೇಗ ಮುಗಿಯಬೇಕು, ಅಲ್ವಾ? ಮ್ಯಾಂಚೆಸ್ಟರ್‌ನ ಕೋಣೆಯಲ್ಲಿ ಇರುವುದು ಒಬ್ಬರೇ ರೋಗಿ.

ಆ ಸ್ಟೇಷನ್ನನ್ನು ಅವಳಿಂದ ಇನ್ನೊಮ್ಮೆ ಮಾಡಿಸಿದೆ. ಈ ಸಲ ಪೆನ್ನು ಕೆಳಗಿಟ್ಟಳು. ‘ಅಪ್ಪನಿಗೆ ಏನಾಯಿತು?’ ಅಂತ ಕೇಳಿ ಸುಮ್ಮನಾದಳು. ನಾನು ಹೇಳಿದೆ: ಅಪ್ಪ 54ಕ್ಕೆ ಹೋದರು, ನನಗೀಗ 52, ಕೆಲಸ ಹೋದರೆ ಮನೆ ನಡೆಯುವುದಿಲ್ಲ. ಇಪ್ಪತ್ತು ಸೆಕೆಂಡ್ ಆಗಿರಬಹುದು. ಮನೆತನದ ಕಾಯಿಲೆ ಗೊತ್ತಾಯಿತು, ಭಯ ಏನೆಂದು ಗೊತ್ತಾಯಿತು. ಕೆಲಸದ ಮಾತೂ ತಾನಾಗಿ ಬಂತು. ಬ್ರಿಟನ್ನಿನಲ್ಲಿ ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಇರುವ ಬಸ್ ಡ್ರೈವರ್ ಗಾಡಿ ಓಡಿಸುವುದನ್ನು ನಿಲ್ಲಿಸಿ ಲೈಸೆನ್ಸ್ ಕಚೇರಿಗೆ ತಿಳಿಸಬೇಕು. ಆ ಕಷ್ಟದ ಮಾತಿಗೆ ದಾರಿ ಆಗಲೇ ಸಿಕ್ಕಿತ್ತು.

ಕೋಚಿಂಗ್‌ನಲ್ಲಿ ಇದನ್ನೇ ‘ಐಸ್’ (ಐಡಿಯಾಸ್, ಕನ್ಸರ್ನ್ಸ್, ಎಕ್ಸ್‌ಪೆಕ್ಟೇಶನ್ಸ್) ಅಂತ ಕಲಿಸುತ್ತಾರೆ. ನಿಮಗೆ ಏನಾಗಿದೆ ಅನ್ನಿಸುತ್ತದೆ, ಯಾವುದರ ಚಿಂತೆ, ನಮ್ಮಿಂದ ಏನು ಬೇಕು ಅಂತ ಮೂರು ಪ್ರಶ್ನೆ. ಪ್ರಶ್ನೆಗಳು ಒಳ್ಳೆಯವೇ. ಆದರೆ ಮೂರನ್ನೂ ಒಂದೇ ಉಸಿರಿಗೆ ಕೇಳಿ ಮುಗಿಸಬೇಡಿ. ರೋಗಿ ಸುಳಿವು ಕೊಟ್ಟ ಜಾಗದಲ್ಲೇ ಕೇಳಿ. ಹಾಗೇ, ‘ಐ ಆಮ್ ಸಾರಿ ಟು ಹಿಯರ್ ದಟ್’ ಒಂದು ಸ್ಟೇಷನ್ನಿಗೆ ಒಂದೇ ಸಲ ಸಾಕು. ಮೊಣಕಾಲು ನೋವಿಗೂ ಅದೇ, ಗಂಡ ಸತ್ತದ್ದಕ್ಕೂ ಅದೇ ಅಂದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ.

ಹೆಜ್ಜೆ 5: ವಿವರಿಸುವುದು. ಮೊದಲು ಅಮ್ಮನಿಗೆ, ಕನ್ನಡದಲ್ಲಿ. ಇದನ್ನು ನಾನು ಎಲ್ಲರಿಂದಲೂ ಮಾಡಿಸುತ್ತೇನೆ. ಇಂಗ್ಲಿಷಿನಲ್ಲಿ ನಮಗೆ ಪುಸ್ತಕದ ಪದಗಳೇ ಬಾಯಿಗೆ ಬರುತ್ತವೆ. ಅಮ್ಮನ ಮುಂದೆ ಅವು ನಡೆಯುವುದಿಲ್ಲ. ಆಂಜೈನಾ ಅಂದರೆ ಏನಮ್ಮಾ ಅಂದರೆ, ‘ಹೃದಯಕ್ಕೆ ರಕ್ತ ಒಯ್ಯುವ ನಾಳ ಒಳಗೆ ಕಿರಿದಾಗಿದೆ. ಸುಮ್ನೆ ಕೂತಾಗ ಅಷ್ಟು ರಕ್ತ ಸಾಕು. ಮೆಟ್ಟಿಲು ಹತ್ತಿದರೆ ಸಾಲುವುದಿಲ್ಲ, ಆಗ ನೋವು.’ ಇದನ್ನೇ ಇಂಗ್ಲಿಷಿನಲ್ಲಿ ಹೇಳಿ. ಮೂರು ವಾಕ್ಯ ಹೇಳಿ ನಿಲ್ಲಿಸಿ, ಅರ್ಥವಾಯಿತಾ ಕೇಳಿ. ಮಾತ್ರೆಗೆ ನಮ್ಮೂರಿನ ಬ್ರ್ಯಾಂಡ್ ಹೆಸರು ಬೇಡ. ಡೋಲೋ ಅಲ್ಲ, ಪ್ಯಾರಾಸಿಟಮಾಲ್. ಏನಾದರೆ ತಕ್ಷಣ ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಬೇಕು, ಯಾವುದಕ್ಕೆ ಅಷ್ಟು ತುರ್ತಿಲ್ಲದ ಸಲಹೆಯ ನಂಬರ್ 111 ಸಾಕು, ಅದನ್ನು ಹೇಳದೆ ಕಳಿಸಬೇಡಿ.

ಕೆಟ್ಟ ಸುದ್ದಿಯ ಸ್ಟೇಷನ್‌ಗೆ ನಮ್ಮ ಅಭ್ಯಾಸವನ್ನೇ ತಿರುಗಿಸಬೇಕು. ನಮ್ಮಲ್ಲಿ ಮಗನನ್ನು ಕಾರಿಡಾರ್‌ಗೆ ಕರೆದು, ‘ಅಮ್ಮನಿಗೆ ಕ್ಯಾನ್ಸರ್, ಅವರಿಗೆ ಹೇಳಬೇಡಿ’ ಅನ್ನುತ್ತೇವೆ. ಅಲ್ಲಿ ಮೊದಲು ಅಮ್ಮನಿಗೇ ಹೇಳಬೇಕು. ಅವರು ಒಪ್ಪಿದರೆ ಮಾತ್ರ ಮಗನಿಗೆ. ‘ರಿಪೋರ್ಟ್ ನಾವು ಅಂದುಕೊಂಡಷ್ಟು ಚೆನ್ನಾಗಿಲ್ಲ’ ಅಂತ ಮೊದಲೇ ಸೂಚನೆ ಕೊಡಿ. ಆಮೇಲೆ ‘ಗಡ್ಡೆ’ ಅಂತ ಸುತ್ತಿ ಬಳಸದೆ ಕ್ಯಾನ್ಸರ್ ಅನ್ನುವ ಪದವನ್ನೇ ಹೇಳಿ. ಹೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ಈ ಮೌನ ಭಾರೀ ಕಷ್ಟ. ನಾಲ್ಕಕ್ಕೇ ನಮ್ಮವರು ಕೀಮೋಥೆರಪಿ ಬಗ್ಗೆ ಶುರು ಮಾಡುತ್ತಾರೆ. ಆ ಹೊತ್ತಿನಲ್ಲಿ ಯಾವ ರೋಗಿಗೂ ಅದು ಕೇಳಿಸುವುದಿಲ್ಲ.

ಹೆಜ್ಜೆ 6: ಗೊಂಬೆಯ ಸ್ಟೇಷನ್. ಇಂಟರ್ನ್‌ಶಿಪ್ ಮಾಡಿದ ಕೈಗೆ ಇದು ಸುಲಭ. ಎದೆ ಒತ್ತುವ ಲೆಕ್ಕ 30 ಒತ್ತಿಗೆ 2 ಉಸಿರು. ಆನ್‌ಲೈನ್‌ನಲ್ಲಿ ಸಿಗುವ, ರಕ್ತ ತೆಗೆಯುವ ಅಭ್ಯಾಸದ ಅಗ್ಗದ ರಬ್ಬರ್ ತೋಳು ದಂಡ, ಅದರ ಚರ್ಮ ಹವಾಯಿ ಚಪ್ಪಲಿಯಷ್ಟು ದಪ್ಪ. ಡ್ಯೂಟಿಯಲ್ಲಿ ದಿನವೂ ರಕ್ತ ತೆಗೆಯುತ್ತೀರಲ್ಲ, ಆಗಲೇ ಹೆಸರು ಕೇಳಿ, ಒಪ್ಪಿಗೆ ಪಡೆದು, ಏನು ಮಾಡುತ್ತಿದ್ದೇನೆ ಅಂತ ಹೇಳುತ್ತಾ ಮಾಡಿ.

ಹೆಜ್ಜೆ 7: ಆ ದಿನ. ಹಿಂದಿನ ದಿನವೇ ಮ್ಯಾಂಚೆಸ್ಟರ್ ಸೇರಿಕೊಳ್ಳಿ. ಪಾಸ್‌ಪೋರ್ಟ್ ಮರೆಯಬೇಡಿ. ಕಾಲಿಗೆ ಹಳೆಯ ಶೂ, ತೋಳು ಮೊಣಕೈವರೆಗೆ ಮಡಚಿರಲಿ, ಕೈಯಲ್ಲಿ ವಾಚ್ ಬೇಡ. ಒಂದು ಸ್ಟೇಷನ್ ಕೆಟ್ಟಿತು ಅನ್ನಿಸಿದರೆ ಅದನ್ನು ಅಲ್ಲೇ ಬಿಡಿ. ಪಾಸಾಗಲು ಹದಿನಾರನ್ನೂ ಗೆಲ್ಲಬೇಕಿಲ್ಲ. ಮುಂದಿನ ಬಾಗಿಲ ಹಾಳೆಯಲ್ಲಿ ರೋಗಿಯ ಹೆಸರು ನೋಡಿಕೊಳ್ಳಿ. ಬೆಲ್ ಆದ ಮೇಲೆ ಒಳಗೆ ಹೋಗಿ, ಆ ಹೆಸರು ಹಿಡಿದು ಮಾತಾಡಿಸಿ, ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.